ಒಂಬತ್ತು ಮೆಟ್ಟಿಲು, ಒಂದು ತಟ್ಟೆ ಉಸಲಿ

ಮೂವತ್ತು ವರ್ಷ ಗಣಿತ ಪಾಠ ಹೇಳಿ ನಿವೃತ್ತನಾದ ಮನುಷ್ಯನಿಗೆ ಒಂದು ಕ್ಯಾಮೆರಾ ಯಾವ ಲೆಕ್ಕ? ಮಗಳು ತನ್ನ ಹಳೆಯದನ್ನು ನನಗೆ ದಾಟಿಸಿದ್ದಳು. ಅಪರ್ಚರ್ ಎಂದರೆ ಲೆನ್ಸಿನೊಳಗೆ ಬೆಳಕು ಬರುವ ಕಂಡಿ. ಕಂಡಿ ಚಿಕ್ಕದಾದಷ್ಟೂ ಹತ್ತಿರದ್ದು, ದೂರದ್ದು ಎಲ್ಲವೂ ಸ್ಪಷ್ಟ. ಇಷ್ಟನ್ನು ಅದರ ಜೊತೆಗೆ ಬಂದ ಕೈಪಿಡಿಯಿಂದ ಬೆಳಗಿನ ಕಾಫಿ ಮುಗಿಯುವುದರೊಳಗೆ ಅರೆದು ಕುಡಿದಿದ್ದೆ.

ಅವಸರಕ್ಕೆ ಕಾರಣವಿತ್ತು. ನಮ್ಮ ಜಯಲಕ್ಷ್ಮಿಪುರಂ ಬೀದಿಯ ಮಹಿಳಾ ಸಂಘದವರು ದಸರಾ ಬೊಂಬೆ ಸ್ಪರ್ಧೆ ಇಟ್ಟಿದ್ದರು. ಒಂದೇ ಒಂದು ಫೋಟೊ, ಸಂಜೆ ಆರರೊಳಗೆ ವಾಟ್ಸಾಪಿನಲ್ಲಿ ಕಳಿಸಬೇಕು. ನನ್ನ ಹೆಂಡತಿ ನಾಗರತ್ನ ಹದಿನೈದು ದಿನ ಸೊಂಟ ಮುರಿದುಕೊಂಡು ಒಂಬತ್ತು ಮೆಟ್ಟಿಲು ಬೊಂಬೆ ಕೂರಿಸಿದ್ದಳು. ಎಲ್ಲಕ್ಕಿಂತ ಮೇಲೆ ಅವಳ ಅಜ್ಜಿಯ ಕಾಲದ ಪಟ್ಟದ ರಾಜ, ರಾಣಿ. ಮೂರು ವರ್ಷದಿಂದ ಎದುರುಮನೆ ಇಂದಿರಮ್ಮನೇ ಗೆಲ್ಲುತ್ತಿದ್ದರು. ಈ ಸಲ ಬಿಡುವುದಿಲ್ಲ ಎಂದು ನಾಗರತ್ನ ಪಣ ತೊಟ್ಟಿದ್ದಳು.

"ರೀ, ಫೋನಲ್ಲೇ ತೆಗ್ದು ಕಳ್ಸ್‌ಬುಡಿ. ಇಂದಿರಮ್ಮನೋರೂ ಹಂಗೇ ಕಳ್ಸಿದ್ದಾರಂತೆ."

"ಅದಕ್ಕೇ ಕಣೇ ಅವ್ರು ಈ ಸಲ ಸೋಲೋದು."

ಮುಂದಿನ ತಾಂತ್ರಿಕ ಕಾರ್ಯಾಚರಣೆ ಹೀಗೆ ನೆರವೇರಿತು. ಅಪರ್ಚರಿನ ಅಂಕಿಗಳು 1.8ರಿಂದ 22ರವರೆಗೆ ಇದ್ದವು. ನನಗೆ ಬೇಕಿದ್ದದ್ದು ಅತಿ ಚಿಕ್ಕ ಕಂಡಿ. 22ಕ್ಕಿಂತ 1.8 ಚಿಕ್ಕದು. ಇದಕ್ಕೂ ಯಾರನ್ನಾದರೂ ಕೇಳಬೇಕೇ? 1.8ಕ್ಕೆ ತಿರುಗಿಸಿದೆ. ಫೋಕಸ್ಸಿನ ಹೊಣೆಯನ್ನು ಕ್ಯಾಮೆರಾಕ್ಕೇ ವಹಿಸಿ ಕ್ಲಿಕ್ಕಿಸಿದೆ.

ಫೋಟೊ ಹೇಗೆ ಬಂದಿದೆ ನೋಡೋಣವೆಂದರೆ ಕನ್ನಡಕ ಸಿಗಲಿಲ್ಲ. ಗಂಟೆ ಐದು ಮುಕ್ಕಾಲು ದಾಟಿತ್ತು.

"ಒಂದ್ಸಲ ಸರಿಯಾಗಿ ನೋಡಿ ಕಳ್ಸಿ," ಎಂದಳು ನಾಗರತ್ನ.

"ಬಣ್ಣಬಣ್ಣವಾಗಿ ಬಂದದೆ ಕಣೇ," ಎಂದು ಫೋನಿಗಿಳಿಸಿ ಕಳಿಸಿಯೇಬಿಟ್ಟೆ.

ಏಳಕ್ಕೆ ಸಂಘದ ಅಧ್ಯಕ್ಷೆಯ ಫೋನ್ ಬಂತು. ನಾಗರತ್ನ ಸ್ಪೀಕರ್ ಹಾಕಿದಳು.

"ಉಸ್ಲಿ ಫೋಟೊ ತುಂಬಾ ಚೆನ್ನಾಗಿದೆ ಕಣ್ರೀ. ಒಂದೊಂದು ಸಾಸಿವೆ ಕಾಳೂ ಕಾಣುತ್ತೆ. ಬೊಂಬೆದೂ ಕಳ್ಸಬೇಕಿತ್ತು, ಈಗ ಟೈಮ್ ಆಗೋಯ್ತಲ್ಲ."

ಕನ್ನಡಕ ಹುಡುಕಿ ನೋಡಿದೆ. ನಾನು ಅರ್ಧ ತಿಂದು ಮೆಟ್ಟಿಲಿನ ಮುಂದೆ ಬಿಟ್ಟಿದ್ದ ಕಡಲೆಕಾಳು ಉಸಲಿಯ ತಟ್ಟೆ ಕೈಹಾಕಿ ತಿನ್ನುವಷ್ಟು ಸ್ಪಷ್ಟವಾಗಿತ್ತು. ಅದರ ಹಿಂದೆ ಒಂಬತ್ತು ಮೆಟ್ಟಿಲು ಬಣ್ಣದ ಮಂಜು. ರಾಜ ಯಾರು, ರಾಣಿ ಯಾರು ಎಂದು ಅವರಿಗೇ ಗೊತ್ತಾಗುವಂತಿರಲಿಲ್ಲ.

ಕ್ಯಾಮೆರಾದ ಕೈಪಿಡಿ ಮತ್ತೆ ತೆರೆದೆ. ಆ ಅಂಕಿ ಭಿನ್ನರಾಶಿಯ ಛೇದವಂತೆ! ಛೇದ ಚಿಕ್ಕದಾದರೆ ಭಿನ್ನರಾಶಿ ದೊಡ್ಡದು. 1.8 ಎಂದರೆ ಕಂಡಿಯಲ್ಲ, ಹೆಬ್ಬಾಗಿಲು. ಇದೇ ಲೆಕ್ಕ ತಪ್ಪಿದ್ದಕ್ಕೆ ಎಷ್ಟು ಮಕ್ಕಳ ಕಿವಿ ಹಿಂಡಿದ್ದೆನೋ.

ನಾಗರತ್ನ ಬೈಯಲಿಲ್ಲ. ಹೋಗಿ ರಾಣಿಯ ಸೆರಗು ಸರಿಮಾಡಿದಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿ ನನಗೆ ನಿಜಕ್ಕೂ ಸಂಕಟವಾಯಿತು.

ಮರುದಿನ ಬೆಳಿಗ್ಗೆ ಕ್ಯಾಮೆರಾ ಐದನೇ ಮೆಟ್ಟಿಲಿನಲ್ಲಿ, ಶೆಟ್ಟರ ಅಂಗಡಿಯ ಬೊಂಬೆಗೂ ಮರದ ಆನೆಗೂ ನಡುವೆ ಕೂತಿತ್ತು. ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಇಂದಿರಮ್ಮ, ನಾಲ್ಕನೇ ಸಲ ಗೆದ್ದವರು, ಅದನ್ನೇ ಬಗ್ಗಿ ನೋಡಿದರು.

"ಇದನ್ನೂ ಬೊಂಬೆ ಜೊತೆ ಕೂರ್ಸ್‌ಬುಟ್ರಾ? ಕೆಲ್ಸ ಮಾಡಲ್ವಾ?"

ಉಸಲಿ ಹಂಚುತ್ತಿದ್ದ ನನ್ನ ಕಡೆ ನೋಡುತ್ತ ನಾಗರತ್ನ ಹೇಳಿದಳು: "ಕ್ಯಾಮೆರಾ ಮಾಡುತ್ತೆ ಕಣ್ರೀ."