ಟೇಪು ನುಂಗಿದ ಹೀರೋ

ಈ ನಾಡು ಒಂದು ಮಹಾನ್ ಕಂಠವನ್ನು ಬೀಜದ ಅಂಗಡಿಯಲ್ಲಿ ವ್ಯರ್ಥ ಮಾಡುತ್ತಿದೆ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಆ ಕಂಠ ನನ್ನದು! ಅವಕಾಶ ಸಿಕ್ಕ ದಿನ ನಾಡನ್ನೇ ನಡುಗಿಸುತ್ತೇನೆಂದು ಸಂಕಲ್ಪ ಮಾಡಿದ್ದೆ.

ಅವಕಾಶ ಬ್ಯಾಡಗಿಯಿಂದ ಬಸ್ಸು ಹತ್ತಿ ರಾಣೇಬೆನ್ನೂರಿನ ನನ್ನ ಅಂಗಡಿಗೇ ಬಂತು. ರೇಡಿಯೋ ರಿಪೇರಿಯ ರಹಿಮಾನಸಾಬರ ರೂಪದಲ್ಲಿ! ಕೈಯಲ್ಲೊಂದು ಹಳೆಯ ಕ್ಯಾಸೆಟ್ಟು. ಹಿಂದೆ ರೇಡಿಯೋದಲ್ಲಿ ವಾರಕ್ಕೊಂದು ನಾಟಕ ಬರುತ್ತಿತ್ತಂತೆ. ಪ್ರತಿ ವಾರ ಹೊಸ ಕಥೆ, ಹೊಸ ಸಿನಿಮಾ ತಾರೆ. ಮುಖ ಕಾಣದಿದ್ದರೂ ದನಿಗೇ ಓಣಿಯೆಲ್ಲ ಅಳುತ್ತಿತ್ತಂತೆ. ಸಾಹೇಬರು ಅವನ್ನೆಲ್ಲ ರೆಕಾರ್ಡ್ ಮಾಡಿಟ್ಟಿದ್ದರು. ರವಿವಾರ ಹಾವೇರಿಯಲ್ಲಿ ಹಳೆಯ ಕೇಳುಗರನ್ನು ಕೂಡಿಸಿ ಒಂದು ನಾಟಕ ಕೇಳಿಸುವವರಿದ್ದರು.

"ಆದ್ರ ಕಡೀ ಸೀನಿನ್ಯಾಗ ಟೇಪ್ ಹರದೈತ್ರಿ. ಮಾತು ನನಗ ಬಾಯಿಪಾಠ ಅದಾವು. ದನಿ ಎಲ್ಲಿಂದ ತರ್ಲಿ?" ಎಂದು ಕಣ್ಣು ತುಂಬಿಕೊಂಡರು.

"ದನಿ ನಾ ಕೊಡ್ತೇನ್ರಿ!" ಎಂದು ಎದೆ ತಟ್ಟಿದೆ.

ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆತ್ರಿ... ಬ್ಯಾರೆ ಯಾರೂ ಸಿಗವಲ್ರು" ಎಂದರು. ನಾನದನ್ನು ಹೊಗಳಿಕೆ ಎಂದೇ ತಿಳಿದೆ.

ಹೀರೋಯಿನ್ನಾಗಲು ಹೆಂಡತಿ ಪುಷ್ಪಲತಾಳನ್ನು ಕೇಳಿದೆ. ಚಪಾತಿ ಲಟ್ಟಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ನೀವು ಹೀರೋ ಏನ್ರಿ?"

"ಯಾಕ, ನನಗೇನು ಕಮ್ಮಿ ಆಗೇತಿ?"

"ಕಮ್ಮಿ ಏನಿಲ್ಲ. ಬ್ಯಾಡಗಿ ಮೆಣಸಿನಕಾಯಿ ಇದ್ದಂಗ ಅದೀರಿ. ಬಣ್ಣ ಭಾಳ, ಖಾರ ಇಲ್ಲ!"

ಆದರೂ ಸಾಹೇಬರ ಸಲುವಾಗಿ ಒಪ್ಪಿದಳು. ಅಡಿಗೆಮನೆಯೇ ಸ್ಟುಡಿಯೋ, ನನ್ನ ಫೋನೇ ರೆಕಾರ್ಡರ್ ಆಯಿತು. ಸಂಶಯದ ಗಂಡ ಕತ್ತಿ ಎತ್ತುತ್ತಾನೆ, ಹೆಂಡತಿ ಬೇಡಿಕೊಳ್ಳುತ್ತಾಳೆ, ಕತ್ತಿ ಕೈಜಾರಿ ಬೀಳುತ್ತದೆ. ಸಾಹೇಬರು ಬರೆದುಕೊಟ್ಟ ಸೀನು ಇಷ್ಟೇ. ಹೊಕ್ಕಳದಿಂದ ದನಿ ಎಬ್ಬಿಸಿ ಗರ್ಜಿಸಿದೆ: "ದುಷ್ಟೆ! ಇಂದು ನಿನ್ನ ಪ್ರಾಣ ನನ್ನ ಮುಷ್ಟಿಯಲ್ಲಿದೆ!"

"ಸ್ವಾಮಿ ನನ್ನನ್ನು ಕೊಲ್ಲಬೇಡಿ," ಎಂದಳು ಪುಷ್ಪಾ, ಕಿರಾಣಿ ಯಾದಿ ಓದಿದ ಹಾಗೆ.

ಕತ್ತಿ ಬೀಳುವ ಸಪ್ಪಳಕ್ಕೆಂದು ಲಟ್ಟಣಿಗೆ ಕೈಬಿಟ್ಟೆ. ಅದು ನೆಲಕ್ಕೆ ಬೀಳಲಿಲ್ಲ. ಅವಳ ಕಾಲಿನ ಹೆಬ್ಬೆರಳಿಗೆ ಬಿತ್ತು!

"ಯವ್ವಾ! ಸತ್ನೆವ್ವೋ! ಕಾಲು ಮುರದಾನ್ಬೇ!"

ಆಹಾ, ಎಂಥ ಅಭಿನಯ! ಅವಳು ಅಳಿಸಿಹಾಕಿರಿ ಎನ್ನುವ ಮೊದಲೇ ರೆಕಾರ್ಡಿಂಗನ್ನು ಸಾಹೇಬರ ಫೋನಿಗೆ ಕಳಿಸಿದೆ. ಅವಳು ಕುಂಟುತ್ತ ಹಿತ್ತಲಿಗೆ ಹೋದಳು. ಗದ್ದಲ ಬೇಡವೆಂದು ನಮ್ಮಿಬ್ಬರ ಫೋನುಗಳನ್ನೂ ಮೊದಲೇ ಮೂಕ ಮಾಡಿದ್ದೆ. ಮಹಾನಟರಿಗೆ ವಿಶ್ರಾಂತಿ ಅವಶ್ಯ, ಅಡ್ಡಾದೆ.

ಜೀಪು ನಿಂತ ಸಪ್ಪಳಕ್ಕೆ ಎಚ್ಚರವಾಯಿತು. ಕಿಟಕಿಯಿಂದ ನೋಡಿದರೆ ಕುಪ್ಪೇಲೂರಿನ ಅತ್ತೆ ಮುತ್ತವ್ವ, ಮಾವ ನಿಜಲಿಂಗಪ್ಪ! ಮಾವನ ಕೈಯಲ್ಲಿ ಬಡಿಗೆ. ಅತ್ತೆಯ ಕೈಯಲ್ಲಿ ಫೋನು. ಫೋನಿನಲ್ಲಿ ನಾನು! "ದುಷ್ಟೆ!"

ಗಡಬಡಿಸಿ ನನ್ನ ಫೋನು ತೆರೆದೆ. ರೆಕಾರ್ಡಿಂಗು ಸಾಹೇಬರಿಗೆ ಹೋಗಿರಲಿಲ್ಲ. ಹೆಂಡತಿಯ ತವರಿನ ವಾಟ್ಸಾಪ್ ಗುಂಪಿಗೆ ಹೋಗಿತ್ತು! ನಾಡನ್ನೇ ನಡುಗಿಸಬೇಕಿದ್ದ ಕಂಠವನ್ನು ಹೊತ್ತುಕೊಂಡು ಸೀದಾ ಮಂಚದ ಕೆಳಗೆ ನುಸುಳಿದೆ.

ಬಾಗಿಲು ದಡಾರನೆ ತೆರೆಯಿತು. ಕಾಲುಗಳು ಮನೆಯೆಲ್ಲ ಓಡಾಡಿದವು. ಮಾವನ ಮೋರೆ ಮಂಚದ ಕೆಳಗೆ ಇಣುಕಿತು.

"ಮಾವಾರ, ತಪ್ಪಾತ್ರಿ! ಹೊಡೀಬ್ಯಾಡ್ರಿ!" ಎಂದು ಕೈಮುಗಿದೆ.

"ಹೆದರಬ್ಯಾಡ್ರಿ ಅಳಿಯಂದ್ರ, ನಾವು ಬಂದೇವಿ. ಹೊರಗ ಬರ್ರಿ. ಅವ ಎಲ್ಲಿ ಹೋದ?"

"ಅವ ಅಂದ್ರ ಯಾರ್ರಿ?"

"ಒದರಾಕತ್ತಿದ್ನಲ್ಲ, ಅವ!"

ನನಗೆ ತಲೆಬುಡ ತಿಳಿಯಲಿಲ್ಲ. ಹಿತ್ತಲಿನಿಂದ ಬಂದ ಪುಷ್ಪಾಳನ್ನು ಅತ್ತೆ ಅಪ್ಪಿಕೊಂಡರು. "ನಿನ್ನ ಕಾಲು ಮುರದಾವ ಯಾರಬೇ?"

ಪುಷ್ಪಾ ಕಣ್ಣು ಪಿಳುಕಿಸಿ ನನ್ನತ್ತ ಬೆರಳು ತೋರಿಸಿದಳು. ಅತ್ತೆ ನನ್ನನ್ನು ದಾಟಿ ಹಿಂದಿನ ಗೋಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

ನಾಟಕದ ಕಥೆಯನ್ನೆಲ್ಲ ಬಿಡಿಸಿ ಹೇಳಿದೆ. ನಂಬಲೊಲ್ಲರು. ಕೊನೆಗೆ ನಡುಮನೆಯಲ್ಲಿ ನಿಂತು "ದುಷ್ಟೆ!" ಎಂದು ಗರ್ಜಿಸಿದ ಮೇಲೆಯೇ ಮಾವ ಬಡಿಗೆ ಕೆಳಗಿಟ್ಟರು. ನನಗೋ ಒಳಗೊಳಗೇ ಹೆಮ್ಮೆ.

"ಅತ್ತಿಯವರ, ನನ್ನ ಪಾರ್ಟು ಅಷ್ಟು ಖರೇ ಅನಸ್ತೇನ್ರಿ?"

"ಏನು ಖರೇನೋ ಯಪ್ಪಾ! ಯಾವನೋ ಕುಡದು ಮನೀ ಹೊಕ್ಕಾನ, ಮಗಳು ಒಬ್ಬಾಕೀನ ಬಡದಾಡಾಕತ್ತಾಳ, ಅಳಿಯಂದ್ರು ಹೆದರಿ ಮಂಚದ ಕೆಳಗ ಕುಂತು ಇದನ್ನ ಕಳಿಸಿರ್ತಾರ ಅಂತ ನಿಮ್ಮ ಮಾವಾರು ಕುಪ್ಪೇಲೂರಾಗ ಹೇಳಿದ್ರು. ಬಂದು ನೋಡಿದ್ರ ಹಂಗ ಕುಂತಿದ್ರಿ!"

ಮರುದಿನ ರೆಕಾರ್ಡಿಂಗು ಸರಿಯಾದ ವಿಳಾಸಕ್ಕೆ ಹೋಯಿತು. ಸಾಹೇಬರು ತಕ್ಷಣ ಫೋನು ಮಾಡಿದರು. "ಪುಷ್ಪಾಬಾಯಾರ ಒದರಿಕಿ ಒಂದ ಸಾಕ್ರಿ. ಹೀರೋನ ಮಾತು ನಾನ ಹೇಳಿಬಿಡ್ತೇನಿ."

ರವಿವಾರ ಹಾವೇರಿಯ ಹಾಲ್ ತುಂಬಿತ್ತು. ಪುಷ್ಪಾಳ ಕೂಗು ಮೊಳಗಿದ್ದೇ ತಡ, ಪಕ್ಕದ ಮುದುಕರೊಬ್ಬರು ಕಣ್ಣೊರೆಸಿಕೊಂಡು ನನ್ನ ಕಿವಿಯಲ್ಲಿ ಕೇಳಿದರು: "ಎಂಥಾ ಒದರಿಕಿ! ಈಕಿನ್ನ ಹಿಂಗ ತಯಾರ ಮಾಡಿದಾವ ಯಾರ್ರಿ?"

ನನ್ನ ಕೈ ತಾನಾಗಿಯೇ ಮೇಲೆದ್ದಿತು. ಮುಂದಿನ ಸಾಲಿನಿಂದ ಪುಷ್ಪಾ ಹಿಂತಿರುಗಿ ನೋಡಿದಳು. ಅವಳ ಪಕ್ಕದಿಂದ ಮಾವನೂ ನೋಡಿದರು.

ಎತ್ತಿದ ಕೈಯಿಂದ ತಲೆ ಕೆರೆದುಕೊಂಡೆ.