ಹಾಗಲಕಾಯಿ ಹೋಳಿಗೆಯ ಗುಟ್ಟು

ಘಾಟ್ಕೋಪರದಲ್ಲಿ ನನ್ನದೊಂದು ಹೋಳಿಗೆ ಅಂಗಡಿ ಇದೆ. ನಾನು ಯಾವ ಹೊಸ ಹೋಳಿಗೆ ಮಾಡಲು ಹೊರಟರೂ ಎದುರಿನ ಅಂಗಡಿಯವನು ಒಂದು ದಿನ ಮೊದಲೇ ಅದರ ಬೋರ್ಡು ತೂಗುಹಾಕುತ್ತಿದ್ದ. ಖರ್ಜೂರದ್ದು ಹೋಯಿತು, ಅಂಜೂರದ್ದೂ ಹೋಯಿತು. ಮುಂದೆ ದೀಪಾವಳಿ. ಅದೂ ಹೋದರೆ ಅಂಗಡಿಗೆ ಬೀಗವೇ ಗತಿ. ನಮ್ಮೊಳಗಿನವರೇ ಯಾರೋ ಗುಟ್ಟು ಬಿಟ್ಟುಕೊಡುತ್ತಿದ್ದಾರೆ ಎಂಬುದು ಖಚಿತವಾಯಿತು. ಅಪರಾಧಿಯನ್ನು ಹಿಡಿಯುವಷ್ಟು ಬುದ್ಧಿ ನನಗಿದೆ ಎಂಬುದಂತೂ ಮೊದಲೇ ಖಚಿತವಿತ್ತು.

ಗುಟ್ಟು ಗೊತ್ತಿರುತ್ತಿದ್ದವರು ಮೂವರು. ಮೂವರಿಗೂ ಒಂದೊಂದು ಸುಳ್ಳು ಹೇಳಿದೆ. ಹಿಟ್ಟು ನಾದುವ ವಿಜಯಪುರದ ರಫೀಕ್‌ಭಾಯಿಗೆ, ಈ ಸಲ ಮೂಲಂಗಿ ಹೋಳಿಗೆ ಎಂದೆ. ಗಂಡನಿಗೆ ಬೆಳ್ಳುಳ್ಳಿ ಹೋಳಿಗೆ ಎಂದೆ. ಅವರು ಪೇಪರಿನಿಂದ ತಲೆ ಎತ್ತದೆ, "ಛಲೋ ಆಗ್ತದ" ಎಂದರು. ಮುಲುಂಡಿನ ಮನೆಯಿಂದ ಲೋಕಲ್ ರೈಲಿನಲ್ಲಿ ಬರುವಾಗ ಧಾರವಾಡದ ತಂಗಿಗೆ ಫೋನ್ ಹಚ್ಚಿ, ಹಾಗಲಕಾಯಿ ಹೋಳಿಗೆ ಎಂದೆ. ಲೇಡೀಸ್ ಡಬ್ಬಿಯಲ್ಲಿ ಗದ್ದಲ. ಸ್ವಲ್ಪ ಕೂಗಿಯೇ ಹೇಳಬೇಕಾಯಿತು.

ಮರುದಿನವೇ ಎದುರಂಗಡಿಯಲ್ಲಿ ಬೋರ್ಡು: ಹಾಗಲಕಾಯಿ ಹೋಳಿಗೆ, ಮುಂಬಯಿಯಲ್ಲೇ ಮೊದಲು.

ನಾನು ಗೆದ್ದೆ! ಅವನು ಹಾಗಲಕಾಯಿ ಬೇಯಿಸುತ್ತ ಕೂತಾಗ, ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಅನಾನಸ್ ಹೋಳಿಗೆಗೆ ಜನರ ಸಾಲು ರಸ್ತೆಯವರೆಗೂ ಬೆಳೆಯಿತು. ಅವನ ಗಿರಾಕಿಗಳೂ ನಮ್ಮ ಸಾಲಿಗೇ ಬಂದರು.

ಹಬ್ಬ ಮುಗಿದ ಮೇಲೆ ಲೋಕಲ್‌ನಲ್ಲಿ ಕೂತು ದ್ರೋಹಿ ತಂಗಿಗೆ ಫೋನ್ ಮಾಡಿದೆ.

"ಅವಂಗ ಯಾಕ ಹೇಳ್ದಿ?"

"ಯಾರಿಗ? ನಾ ಮುಂಬೈನ ನೋಡಿಲ್ಲಲ್ಲ ಅಕ್ಕಾ."

"ಸುಳ್ಳ ಹೇಳಬ್ಯಾಡ. ಹಾಗಲಕಾಯಿ ಅಂತ ನಿನಗೊಬ್ಬಾಕಿಗೇ ಹೇಳಿದ್ದೆ."

ಎದುರು ಸೀಟಿನ ಹೆಂಗಸು ನನ್ನ ಮೊಣಕಾಲು ಮುಟ್ಟಿದಳು. ದಿನಾ ಅದೇ ಡಬ್ಬಿಗೆ ಬರುವವಳು. ಮರಾಠಿಯವಳೆಂದುಕೊಂಡಿದ್ದೆ.

"ಅವರನ್ನ ಬೈಬ್ಯಾಡ್ರಿ ಅಕ್ಕಾರ," ಎಂದಳು, ಅಚ್ಚ ಬೆಳಗಾವಿ ಕನ್ನಡದಲ್ಲಿ. "ನೀವು ಫೋನಿನ್ಯಾಗ ಹೇಳಿದ್ದನ್ನ ಮನ್ಯಾಗ ಹೇಳಾಕಿ ನಾನ. ಎದುರಂಗಡಿ ಸೊಸಿ. ಉಳಿದ ಹಾಗಲಕಾಯಿ ಹೋಳಿಗೀನ ಮಾವನೋರು ಮೂರೂ ಹೊತ್ತು ನಮಗ ತಿನಸಾಕತ್ತಾರ. ಇನ್ನಮ್ಯಾಲೆ ಖರೇದ್ದ ಹೇಳ್ರಿ, ನಿಮ್ಮ ಪುಣ್ಯಾ."

ಇಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆ ಎಂದುಕೊಂಡು ಖರ್ಜೂರ, ಅಂಜೂರಗಳ ಗುಟ್ಟನ್ನೂ ಫೋನಿನಲ್ಲಿ ಕೂಗಿ ನಾನೇ ಡಬ್ಬಿಗೆಲ್ಲ ಹಂಚಿದ್ದೆ!

ರಫೀಕ್‌ಭಾಯಿಗೂ ಗಂಡನಿಗೂ ನಡೆದದ್ದನ್ನೆಲ್ಲ ಹೇಳಿ, ಸಂಶಯಪಟ್ಟದ್ದಕ್ಕೆ ಕ್ಷಮೆ ಕೇಳಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಒಳಗೆ ಹೋಗಿ ಏನೋ ಪಿಸುಗುಟ್ಟಿಕೊಂಡರು. ಸಂಕ್ರಾಂತಿಗೆ ಹೊಸ ಹೋಳಿಗೆ ನಿಶ್ಚಯವಾಗಿದೆಯಂತೆ. ಯಾವುದು ಎಂದು ಕೇಳಿದೆ.

"ಹಬ್ಬದ ದಿನಾನ ಹೇಳ್ತೀವ್ರಿ ಅಕ್ಕಾರ," ಎಂದರು ರಫೀಕ್‌ಭಾಯಿ.

ಅಂಗಡಿಯ ಮಾಲಕಿ ನಾನು. ಒಳಗಿನಿಂದ ಬರುವ ವಾಸನೆ ಹಿಡಿದು ಊಹೆ ಮಾಡುತ್ತ ಕೂತಿದ್ದೇನೆ.