ಕಾಗೆ ಬಾರದ ತಿಥಿ

ನಡುರಾತ್ರಿ ದಿಂಬಿನಡಿಯಲ್ಲಿ ಫೋನು ಟಿಣ್ ಎಂದಿತು. ಲಕ್ಷ್ಮೀನಾರಾಯಣನ ನಿದ್ದೆ ಅಲ್ಲಿಗೆ ಮುಗಿಯಿತು. ಬೆಳಗಾದರೆ ಅಪ್ಪನ ತಿಥಿ. ಮುಂಬಯಿಯಿಂದ ಬರಬೇಕಿದ್ದ ದಾಮೋದರಾಚಾರ್ಯರು ಜ್ವರ ಹಿಡಿದು ಮಲಗಿದ್ದರು. ಲಿಂಕ್ ಕಳಿಸಿದ್ದೇನೆ, ಒತ್ತಿ ಕೂತುಕೊಳ್ಳಿ, ಎಲ್ಲ ಹೇಳಿಕೊಡುತ್ತೇನೆ ಎಂದು ಬರೆದಿದ್ದರು.

ವಿಮಾ ಕಚೇರಿಯ ವರ್ಗಾವಣೆಯಲ್ಲಿ ಸೂರತ್ತಿಗೆ ಬಂದವನು ಅಲ್ಲಿನ ಉಧ್ನಾ ಬಡಾವಣೆಯಲ್ಲಿ ಬೇರೆ ಕನ್ನಡದ ಪುರೋಹಿತರನ್ನು ಎಲ್ಲಿಂದ ತಂದಾನು? ಬೆಳಿಗ್ಗೆ ಮಗಳ ಟ್ಯಾಬನ್ನು ಅಕ್ಕಿ ಡಬ್ಬಿಗೆ ಒರಗಿಸಿ ಒತ್ತಿದ. ಆಚಾರ್ಯರು ಕಾಣಿಸಿಕೊಂಡರು. ಎಳ್ಳು ಬಿಡಿ ಎಂದಾಗ ಬಿಟ್ಟ, ನೀರು ಬಿಡಿ ಎಂದಾಗ ಬಿಟ್ಟ. ಜ್ವರದಲ್ಲೂ ಅವರದು ಕಂಚಿನ ಕಂಠ. ಸಂಸ್ಕೃತ ಒಂದಕ್ಷರ ತಿಳಿಯದಿದ್ದರೂ ಅವನಿಗೆ ಕಣ್ಣು ತುಂಬಿ ಬಂತು.

"ಪಿಂಡವನ್ನು ತಾರಸಿಯಲ್ಲಿಡಿ. ಕಾಗೆ ಮುಟ್ಟುವವರೆಗೆ ಕಾಯುತ್ತೇನೆ," ಎಂದು ಆಚಾರ್ಯರು ಕಣ್ಣು ಮುಚ್ಚಿ ಜಪಕ್ಕೆ ಕೂತರು. ಟ್ಯಾಬನ್ನೂ ಪಿಂಡವನ್ನೂ ಹೊತ್ತು ಮನೆಮಂದಿ ಮೇಲೆ ಹೋದರು.

ಪಿತೃಪಕ್ಷವಾದ್ದರಿಂದ ಊರಿನ ತಾರಸಿಗಳಲ್ಲೆಲ್ಲ ದೂಧಪಾಕವೆಂಬ ಹಾಲುಪಾಯಸ, ಪೂರಿ. ಕಾಗೆಗಳು ಮೂರು ಮದುವೆ ಉಂಡ ಬೀಗರಂತೆ ನೀರಿನ ಟ್ಯಾಂಕಿನ ಮೇಲೆ ಕೂತಿದ್ದವು. ಇವನ ಅನ್ನದ ಕಡೆ ಕತ್ತು ಕೂಡ ಹೊರಳಿಸಲಿಲ್ಲ. ಸಕ್ಕರೆ ಕಾಯಿಲೆಯ ಅಮ್ಮ ಇಂದುಮತಿಯವರು ಬೆಳಗಿನಿಂದ ಏನೂ ಮುಟ್ಟಿರಲಿಲ್ಲ, ಮಾತ್ರೆಯನ್ನೂ.

"ನಿಮ್ಮಪ್ಪ ಯಾವತ್ತು ಹೊತ್ತಿಗೆ ಸರಿಯಾಗಿ ಊಟಕ್ಕೆ ಬಂದಿದ್ರು? ಅವರು ಬರದೆ ನಾನುಣ್ಣಲ್ಲ. ಕಾಯ್ತೀನಿ ಬಿಡು," ಎಂದರು.

ಪಕ್ಕದ ಮನೆಯ ಜಿಗ್ನೇಶಭಾಯಿ ಕಡಲೆಹಿಟ್ಟಿನ ಗಾಂಠಿಯಾ ಇಟ್ಟು ನೋಡಿದರು. ಅವರ ಹೆಂಡತಿ ಪಿಂಡದ ಮೇಲೆ ದೂಧಪಾಕ ಸುರಿಯಲು ಬಂದರು. ಅವರನ್ನು ತಡೆಯುವ ಗಲಾಟೆಯಲ್ಲಿ ಇದ್ದ ಕಾಗೆಗಳೂ ಹಾರಿಹೋದವು. ಕೊನೆಗೆ ಜಿಗ್ನೇಶಭಾಯಿ ತಮ್ಮ ಫೋನಿನಲ್ಲಿ ಕಾಗೆಯ ಕೂಗು ಹುಡುಕಿ, ಇದನ್ನು ಕೇಳಿದರೆ ನೆಂಟರೆಂದು ಬಂದೇ ಬರುತ್ತವೆ ಎಂದರು. ಸತ್ತವರ ಹೆಸರಲ್ಲಿ ಮೋಸವೇ ಎಂದು ಲಕ್ಷ್ಮೀನಾರಾಯಣ ಹಿಂಜರಿದ. ಅಮ್ಮನ ಕೈ ನಡುಗತೊಡಗಿದ್ದನ್ನು ಕಂಡು ಒಪ್ಪಿದ.

ಟ್ಯಾಂಕಿನ ಹಿಂದಿನಿಂದ ಫೋನು ಕಾ ಕಾ ಎಂದಿತು. ಒಂದು ಕಾಗೆಯೂ ಬರಲಿಲ್ಲ. ಆದರೆ ಕಣ್ಣು ಮಂಜಾಗಿದ್ದ ಅಮ್ಮ ಎದ್ದು ಕೈಮುಗಿದರು.

"ಬಂದ್ರಲ್ಲ, ಸದ್ಯ. ನಡಿ ವಿಂಧ್ಯಾ, ಎಲೆ ಹಾಕು."

ಸೊಸೆಯ ಕೈ ಹಿಡಿದು ಅಮ್ಮ ಇಳಿದುಹೋದರು, ನೆರೆಯವರೂ ಹೊರಟರು. ಒಬ್ಬನೇ ಉಳಿದವನು ಟ್ಯಾಬಿನ ಮುಂದೆ ಕೂತು ಕೆನ್ನೆಗೆ ಬಡಿದುಕೊಂಡ.

"ಆಚಾರ್ರೇ, ತಪ್ಪಾಯ್ತು. ಕಾಗೆ ಬರ್ಲಿಲ್ಲ, ಅದು ಫೋನಿನ ಸದ್ದು. ಪ್ರಾಯಶ್ಚಿತ್ತ ಏನಿದ್ರೂ ಹೇಳಿ, ಮಾಡ್ತೀನಿ."

ಆಚಾರ್ಯರು ಕಣ್ಣು ತೆರೆದು ನಕ್ಕರು.

"ಕಾಗೆ ಮುಟ್ಟಿತಲ್ಲ, ಬಹಳ ಸಂತೋಷ, ಸುಬ್ಬರಾಯರೇ. ನಿಮ್ಮ ತಾಯಿಯವರಿಗೆ ಸದ್ಗತಿಯಾಯಿತು."

ಲಕ್ಷ್ಮೀನಾರಾಯಣ ಆಚಾರ್ರೇ, ಆಚಾರ್ರೇ ಎಂದು ಕೂಗಿದ. ಅವರು ಕೈ ಮುಗಿದರು, ಪರದೆ ಕಪ್ಪಾಯಿತು, ಮತ್ತೊಮ್ಮೆ ನೋಡುವಿರಾ ಎಂದು ಕೇಳಿತು. ಯಾವ ಸುಬ್ಬರಾಯರ ಮನೆಯಲ್ಲೋ, ಯಾವ ವರ್ಷವೋ ನಡೆದ ತಿಥಿಯ ವಿಡಿಯೋ. ಬೆಳಗಿನಿಂದ ತಾನು ಶ್ರದ್ಧೆಯಿಂದ ಎಳ್ಳುನೀರು ಬಿಟ್ಟದ್ದು ಅಪ್ಪನಿಗಲ್ಲ, ಬದುಕಿರುವ ತಾಯಿಗೆ.

ಟ್ಯಾಬನ್ನು ಕಂಕುಳಲ್ಲಿ ಇರುಕಿಕೊಂಡು ಕೆಳಗಿಳಿದ. ಅಮ್ಮ ಎಲೆಯ ಮುಂದೆ ಕೂತಿದ್ದರು.

"ಏನಂದ್ರೋ ಆಚಾರ್ರು?"

"ಎಲ್ಲಾ ಚೆನ್ನಾಗಿ ಆಯ್ತು ಅಂದ್ರಮ್ಮ."

ಅಮ್ಮ ಎರಡನೇ ವಡೆ ಕೇಳಿ ಹಾಕಿಸಿಕೊಂಡಾಗಲೇ ಅವನಿಗೆ ಉಸಿರು ಬಂದದ್ದು. ಇದನ್ನು ಯಾರಿಗೂ, ವಿಂಧ್ಯಾಳಿಗೂ, ಹೇಳಕೂಡದು ಎಂದು ನಿರ್ಧರಿಸಿ, ಅಮ್ಮನನ್ನೇ ನೋಡುತ್ತ ಪಕ್ಕದ ಎಲೆಗೆ ಕೂತ.